ಪಾಪ ಹತ್ತದ ಗುಂಡು

ಕಳೆದ ವರ್ಷ ದೀಪಾವಳಿ ರಜೆಗೆ ಅಕ್ಕನ ಮಗ ವಿಜಯಪುರದಿಂದ ಪುಣೆಗೆ ಬಂದಿದ್ದ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಬಂದ ಮರುದಿನವೇ ನನ್ನ ಲ್ಯಾಪ್‌ಟಾಪ್ ಹಿಡಿದು ಕೂತ. ಸ್ಟೀಮ್‌ನಲ್ಲಿ ರಿಯಾಯಿತಿ ಮಾರಾಟ ನಡೆದಿತ್ತು. ಹಬ್ಬಕ್ಕೆ ಒಂದು ಆಟ ಕೊಡಿಸುತ್ತೇನೆ, ಒಂದೇ, ಎರಡು ಕೇಳಬಾರದು ಎಂದು ನಾನು ಮೊದಲೇ ಹೇಳಿದ್ದೆ. ಅಳೆದೂ ಸುರಿದೂ ಅವನ ಪಟ್ಟಿಯಲ್ಲಿ ಕೊನೆಗೆ ಎರಡು ಉಳಿದವು: ‘ಮೆಟ್ರೋ 2033’ ಮತ್ತು ‘ಲೆಫ್ಟ್ ಫೋರ್ ಡೆಡ್ 2’. ಮೊದಲನೆಯದು ಅಣುಯುದ್ಧದಲ್ಲಿ ಹಾಳಾದ ಮಾಸ್ಕೋದ ನೆಲದಡಿಯ ಶೂಟರ್. ಎರಡನೆಯದು ಜಾಂಬಿಗಳ ದಂಡಿನ ನಡುವೆ ಜೀವ ಉಳಿಸಿಕೊಂಡು ದಾಟುವ ಆಟ.

ಮೆಟ್ರೋ ತಗೋ ಅಂದೆ.

“ಬ್ಯಾಡ ಮಾಮಾ. ಅದ್ರಾಗ ಮನಷ್ಯಾರಿಗೂ ಹೊಡಿಬೇಕಾಗ್ತದ. ಜಾಂಬಿಗಿ ಗುಂಡ ಹೊಡದ್ರ ಪಾಪ ಹತ್ತಂಗಿಲ್ಲ ನೋಡು,” ಅಂದ.

ಇಬ್ಬರೂ ನಕ್ಕೆವು. ಆದರೆ ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಹುಡುಗ ತಮಾಷೆಗೆ ಹೇಳಿದ್ದು ಜಾಂಬಿ ಆಟಗಳ ಇಡೀ ವ್ಯಾಪಾರದ ಗುಟ್ಟು. ಈ ಲೇಖನ ಅವನಿಗೆ ನಾನು ಅವತ್ತು ಕೊಡಲಾಗದೆ ಹೋದ ಉತ್ತರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗೇಮ್ ಆಡಿ ಮಕ್ಕಳು ಕೆಟ್ಟರು ಎನ್ನುವವರ ಪಂಗಡ ನನ್ನದಲ್ಲ. ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ. ಈಗಲೂ ವಾರಕ್ಕೆ ಎರಡು ರಾತ್ರಿ ಆಡುತ್ತೇನೆ. ಸಾಹಿತ್ಯದ ಪತ್ರಿಕೆಯಲ್ಲಿ ವಿಡಿಯೋ ಗೇಮ್ ಚರ್ಚೆ ಯಾಕೆ ಎಂದು ಮೂಗು ಮುರಿಯುವವರಿಗೂ ಒಂದು ಪ್ರಶ್ನೆ: ಹೈದರಾಬಾದಿನ ಪೀಜಿಯಲ್ಲಿ, ಚೆನ್ನೈನ ಹಾಸ್ಟೆಲಿನಲ್ಲಿ ಇರುವ ನಮ್ಮ ಹುಡುಗರು ಹುಡುಗಿಯರು ಕಥೆ ಎಂಬುದನ್ನು ದಿನಾ ರಾತ್ರಿ ಎಲ್ಲಿ ಅನುಭವಿಸುತ್ತಿದ್ದಾರೆ ಎಂದುಕೊಂಡಿದ್ದೀರಿ? ಕಾದಂಬರಿಯನ್ನು ಅಳೆಯುವ ಕೋಲಿನಿಂದ ಆಟವನ್ನೂ ಅಳೆಯಬೇಕು. ಅಳೆದರೆ ಈ ಎರಡು ಜಾತಿಯ ಆಟಗಳು ಒಂದೇ ಕಪಾಟಿನಲ್ಲಿ ಕೂರುವಂಥವಲ್ಲ.

ಎರಡರಲ್ಲೂ ಲೋಕ ಮುಗಿದಿರುತ್ತದೆ. ಕರೆಂಟಿಲ್ಲ, ಸರ್ಕಾರವಿಲ್ಲ, ಡಬ್ಬಿಯೊಳಗಿನ ಆಹಾರಕ್ಕೆ ಬಂಗಾರದ ಬೆಲೆ. ಆದರೆ ಒಂದರಲ್ಲಿ ಲೋಕ ಹಾಳಾಗಿ ಮನುಷ್ಯ ಉಳಿದಿರುತ್ತಾನೆ. ಇನ್ನೊಂದರಲ್ಲಿ ಮನುಷ್ಯನೇ ಹೋಗಿ ಅವನ ದೇಹ ಮಾತ್ರ ಓಡಾಡುತ್ತಿರುತ್ತದೆ. ಆ ದೇಹಕ್ಕೆ ಹೊಡೆಯಲು ನಿಮಗೆ ಪೂರ್ತಿ ಪರವಾನಗಿ.

ಈ ಪರವಾನಗಿ ಎಷ್ಟು ಅಗ್ಗ ಎಂಬುದಕ್ಕೆ 1997ರ ‘ಕಾರ್ಮಗೆಡನ್’ ನೋಡಿ. ಬ್ರಿಟನ್ನಿನ ಸ್ಟೇನ್‌ಲೆಸ್ ಎಂಬ ಕಂಪನಿ ಮಾಡಿದ ಕಾರಿನ ಆಟ. ದಾರಿಹೋಕರ ಮೇಲೆ ಕಾರು ಹಾಯಿಸಿದರೆ ಅಂಕ ಸಿಗುತ್ತಿತ್ತು. ಅಲ್ಲಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ತಯಾರಕರು ಏನು ಮಾಡಿದರು? ದಾರಿಹೋಕರನ್ನು ಜಾಂಬಿಗಳನ್ನಾಗಿಸಿದರು, ಕೆಂಪು ರಕ್ತವನ್ನು ಹಸಿರು ಮಾಡಿದರು. ಆಟ ಮಾರುಕಟ್ಟೆಗೆ ಬಂತು. ಅದೇ ರಸ್ತೆ, ಅದೇ ಕಾರು, ಅದೇ ಅಂಕ. ಮೇಲ್ಮನವಿಯ ನಂತರ ಮೂಲ ರೂಪಕ್ಕೂ ಅನುಮತಿ ಸಿಕ್ಕಿತು, ಆ ಮಾತು ಬೇರೆ. ಕೊಲ್ಲುವ ಕೆಲಸದಲ್ಲಿ ಏನೂ ಬದಲಾಗದೆ, ಸಾಯುವವನ ಬಣ್ಣ ಬದಲಾದ ಮಾತ್ರಕ್ಕೆ ಪಾಪ ಕಳೆದುಹೋದದ್ದು ಹೇಗೆ? ನಮ್ಮಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಗಿ, 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿ ಬಂದಾಗಲೂ ರಕ್ತ ಹಸಿರಾಗಿಯೇ ಬಂತು. ಹಸಿರು ರಕ್ತ ಎಂದರೆ ಇವನು ನಮ್ಮವನಲ್ಲ ಎಂಬ ಮುದ್ರೆ.

ಜಾಂಬಿ ಎಲ್ಲಿಂದ ಬಂತು ಎಂದು ನೋಡಿದರೆ ಇನ್ನೂ ನಾಚಿಕೆಯಾಗುತ್ತದೆ. ಅದರ ತವರು ಹೈಟಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಎಳೆದು ತಂದ ಗುಲಾಮರು ಸಾಯುವವರೆಗೆ ದುಡಿಯುತ್ತಿದ್ದ ನಾಡು. ಸತ್ತರೆ ಆತ್ಮ ಆಫ್ರಿಕಾಕ್ಕೆ ಮರಳುತ್ತದೆ ಎಂಬ ನಂಬಿಕೆಯೊಂದೇ ಅವರಿಗಿದ್ದ ಸಮಾಧಾನ. ಜಾಂಬಿ ಎಂದರೆ ಆ ಬಿಡುಗಡೆಯೂ ಸಿಗದವನು. ಸತ್ತ ಮೇಲೂ ಎಬ್ಬಿಸಿ ಹೊಲಕ್ಕೆ ಅಟ್ಟಲ್ಪಡುವವನು. ಜಾಂಬಿ ಮೈಮೇಲೆ ಬೀಳುತ್ತಾನೆ ಎಂಬ ಭಯ ಅಲ್ಲಿ ದೊಡ್ಡದಾಗಿರಲಿಲ್ಲ. ತಾನೇ ಜಾಂಬಿಯಾಗಿಬಿಟ್ಟರೆ ಎಂಬುದೇ ಭಯವಾಗಿತ್ತು. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ಹಿಡಿದುಕೊಂಡಿತ್ತು. ಆ ಕಾಲದಲ್ಲಿ, 1929ರಲ್ಲಿ, ವಿಲಿಯಂ ಸೀಬ್ರೂಕ್ ಬರೆದ ಪ್ರವಾಸ ಪುಸ್ತಕದ ಮೂಲಕ ಜಾಂಬಿ ಅಮೆರಿಕದ ಓದುಗರಿಗೆ ಪರಿಚಯವಾಯಿತು. 1932ರ ‘ವೈಟ್ ಜಾಂಬಿ’ ಸಿನಿಮಾದಲ್ಲಿ ಅವರು ಸಕ್ಕರೆ ಗಿರಣಿಯಲ್ಲಿ ದುಡಿಯುವುದನ್ನು ಕಾಣಬಹುದು. ರಾತ್ರಿ ಎರಡು ಗಂಟೆಗೆ ಕ್ಲೈಂಟ್ ಕಾಲ್ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಕಂಪನಿ ಬಸ್ಸು ಹತ್ತುವ ನಾವು ಈ ಕಥೆಯಲ್ಲಿ ಯಾರ ಕಡೆ ನಿಲ್ಲಬೇಕಿತ್ತು? ಆದರೆ ಆಟ ನಮ್ಮ ಕೈಗೆ ಕೊಟ್ಟದ್ದು ಬಂದೂಕು.

ಇಂದಿನ ಜಾಂಬಿಯ ನಿಜವಾದ ಜನಕ ಜಾರ್ಜ್ ರೊಮೆರೊ. 1968ರ ಅವನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ನಾಯಕ ಒಬ್ಬ ಕಪ್ಪು ಮನುಷ್ಯ. ರಾತ್ರಿಯಿಡೀ ಹೆಣಗಳ ಜೊತೆ ಹೋರಾಡಿ ಅವನೊಬ್ಬನೇ ಬದುಕುಳಿಯುತ್ತಾನೆ. ಬೆಳಗಾಗುತ್ತದೆ. ಹೆಣಗಳನ್ನು ಹೊಡೆಯುತ್ತ ಬರುವ ಬಂದೂಕುಧಾರಿ ಊರಜನ ಕಿಟಕಿಯಲ್ಲಿ ಅವನನ್ನು ಕಂಡು, ಇವನೂ ಅವುಗಳಲ್ಲೊಬ್ಬ ಎಂದು ಗುಂಡಿಟ್ಟು ಕೊಲ್ಲುತ್ತಾರೆ. ಚಿತ್ರ ಮುಗಿಯುವುದು ಅಲ್ಲಿಗೆ. ಪಾಪವಿಲ್ಲದೆ ಹೊಡೆಯುವುದನ್ನು ರೂಢಿ ಮಾಡಿಕೊಂಡ ಕೈ ಕೊನೆಗೆ ಯಾರನ್ನು ಹೊಡೆಯುತ್ತದೆ ಎಂದು ರೊಮೆರೊ ತೋರಿಸಿದ. ಅವನ ನಂತರ ಬಂದ ಆಟಗಳಲ್ಲಿ ಹೆಚ್ಚಿನವು ಹೆಣಗಳನ್ನು ಇಟ್ಟುಕೊಂಡು ಆ ಬೆಳಗನ್ನು ಕೈಬಿಟ್ಟವು.

ನನ್ನ ಅಳಿಯ ಆರಿಸಿದ ಆಟಕ್ಕೇ ಬರೋಣ. ‘ಲೆಫ್ಟ್ ಫೋರ್ ಡೆಡ್ 2’ ಬಂದದ್ದು 2009ರ ನವೆಂಬರಿನಲ್ಲಿ. ನಾಲ್ವರು ಸವಾನಾ ನಗರದಿಂದ ಹೊರಟು ನ್ಯೂ ಆರ್ಲಿಯನ್ಸ್ ತಲುಪುತ್ತಾರೆ. ಕೊನೆಯ ಅಧ್ಯಾಯದಲ್ಲಿ ಒಂದು ಸೇತುವೆ ದಾಟಬೇಕು, ಆಚೆ ಸೈನ್ಯದ ಹೆಲಿಕಾಪ್ಟರ್ ಕಾದಿರುತ್ತದೆ, ದಾರಿಯುದ್ದಕ್ಕೂ ಜಾಂಬಿಗಳು. ಇದಕ್ಕೆ ನಾಲ್ಕು ವರ್ಷ ಹಿಂದೆ, 2005ರಲ್ಲಿ, ಕತ್ರಿನಾ ಚಂಡಮಾರುತದಿಂದ ಅದೇ ನ್ಯೂ ಆರ್ಲಿಯನ್ಸ್ ಮುಳುಗಿತ್ತು. ಸೆಪ್ಟೆಂಬರ್ 4ರಂದು ಡ್ಯಾನ್‌ಜಿಗರ್ ಸೇತುವೆಯ ಮೇಲೆ ಪೊಲೀಸರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು, ನಾಲ್ವರು ಗಾಯಗೊಂಡರು. ಆ ನಗರವನ್ನೇ ಆರಿಸಿ, ಅಲ್ಲಿಯ ಬೀದಿಗಳಲ್ಲಿ ಗುಂಡು ಹಾರಿಸುವ ಆಟ ಮಾಡಿದ್ದೇಕೆ ಎಂಬ ಆಕ್ಷೇಪ ಆಗಲೇ ಬಂದಿತ್ತು. ಕತ್ರಿನಾ ನಮ್ಮ ಮನಸ್ಸಿನಲ್ಲಿರಲಿಲ್ಲ ಎಂದು ತಯಾರಕರು ಹೇಳಿದರೆ ನಂಬೋಣ. ಆದರೂ ಸೇತುವೆಯ ಮೇಲಿನ ಗುಂಪನ್ನು ನೋಡಿದಾಗ ‘ಇವರು ಜನ’ ಅನ್ನಿಸುತ್ತದೆಯೋ ‘ಇದು ದಂಡು’ ಅನ್ನಿಸುತ್ತದೆಯೋ ಎಂಬುದು ಆಟದ ಪರದೆಯ ಆಚೆಗೂ ಉಳಿಯುವ ಪ್ರಶ್ನೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಲಾಕ್‌ಡೌನ್ ಘೋಷಣೆಯಾಯಿತು, ನಾಲ್ಕು ತಾಸಿನಲ್ಲಿ ಜಾರಿಗೂ ಬಂತು. ನಮ್ಮ ಸೊಸೈಟಿಯ ಪಕ್ಕದಲ್ಲೇ ಒಂದು ಕಟ್ಟಡ ಏಳುತ್ತಿತ್ತು. ಅಲ್ಲಿಯ ಪತ್ರಾಸಿನ ಶೆಡ್ಡುಗಳಲ್ಲಿ ಇದ್ದವರು ಬಹುಪಾಲು ಯಾದಗಿರಿ ಕಡೆಯ ಮಂದಿ. ಕೆಲಸ ನಿಂತಿತು, ಗುತ್ತಿಗೆದಾರ ಬರುವುದನ್ನು ಬಿಟ್ಟ, ನೀರಿನ ಟ್ಯಾಂಕರ್ ಬರುವುದೂ ನಿಂತಿತು. ಅವರು ನಮ್ಮ ಗೇಟಿನ ಒಳಗಿನ ನಲ್ಲಿಯಿಂದ ನೀರು ಹಿಡಿದುಕೊಂಡು ಹೋಗುತ್ತಿದ್ದರು. ‘ಸೋಂಕು ಒಳಗೆ ಬರುತ್ತದೆ, ನಿಲ್ಲಿಸಬೇಕು’ ಎಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದರು. ಒಬ್ಬರಾದ ಮೇಲೊಬ್ಬರು ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ.

ಆ ದಿನಗಳಲ್ಲಿ ನಾನು ರಾತ್ರಿ ಆಡುತ್ತಿದ್ದದ್ದು ಜಾಂಬಿ ಆಟವನ್ನೇ. ಮೂರ್ನಾಲ್ಕು ದಿನದ ಬಳಿಕ ಒಂದು ಸಂಜೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದೆ. ಗೇಟಿನ ಆಚೆ ಒಬ್ಬ ಕೊಡ ಹಿಡಿದು ನಿಂತಿದ್ದ. ನಾನು ಫೋನಿನಲ್ಲಿ ಮನೆಯವರ ಜೊತೆ ಮಾತಾಡುವುದನ್ನು ಅವನು ಎಂದೋ ಕೇಳಿರಬೇಕು. ಮೇಲೆ ನೋಡಿ ಕನ್ನಡದಲ್ಲೇ ಕೂಗಿದ: “ಯಣ್ಣಾ, ಎಲ್ಡ ಕೊಡ ನೀರ ಬಿಡಸ್ರೀ, ಸಣ್ಣ ಹುಡುಗ್ರು ಅದಾವ.” ಪರವೂರಿನಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ತಿರುಗಿ ನೋಡಿ ನಗುವವನು ನಾನು. ಅವತ್ತು ನಗಲಿಲ್ಲ. ಒಳಗೆ ಹೋಗಿ ಬಾಲ್ಕನಿಯ ಬಾಗಿಲು ಹಾಕಿಕೊಂಡೆ. ಪರದೆಯ ಮೇಲೆ ಆಟ ಅರ್ಧಕ್ಕೆ ನಿಂತಿತ್ತು. ಮುಂದುವರಿಸಿದೆ.

ಆಟ ನನ್ನನ್ನು ಹೀಗೆ ಮಾಡಿತು ಎಂದರೆ ಅದು ಸುಳ್ಳು, ಅದೂ ನನಗೆ ಅನುಕೂಲವಾದ ಸುಳ್ಳು. ಹೆದರಿದವನು ನಾನು, ಬಾಗಿಲು ಹಾಕಿದವನು ನಾನು. ಆದರೆ ಆ ಹೆದರಿಕೆಗೆ ಒಂದು ಆಕಾರ ಬೇಕಿತ್ತು. ಗೇಟು, ಗೇಟಿನಾಚೆ ಗುಂಪು, ಒಳಗೆ ಸುರಕ್ಷಿತರಾದ ನಾವು: ಆ ಚಿತ್ರವನ್ನು ನೂರಾರು ತಾಸು ಆಡಿ ಅಭ್ಯಾಸ ಮಾಡಿಕೊಂಡಿದ್ದೆ. ಗುಂಪಿನಲ್ಲಿದ್ದವನು ಬಾಯಿ ತೆರೆದು ನನ್ನದೇ ಭಾಷೆಯಲ್ಲಿ ಮಾತಾಡಿದಾಗ ಏನು ಮಾಡಬೇಕು ಎಂಬುದು ಆ ಆಟದಲ್ಲಿ ಇರಲಿಲ್ಲ. ಜಾಂಬಿ ಮಾತಾಡುವುದಿಲ್ಲ.

ಇನ್ನು ಕಥೆಯ ಉಳಿದರ್ಧ. ಮೇ ತಿಂಗಳಲ್ಲಿ ಪಾಸು ಮಾಡಿಸಿಕೊಂಡು ಊರಿಗೆ ಹೊರಡುವ ತಯಾರಿಯಲ್ಲಿದ್ದೆ. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಸೋಲಾಪುರದಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ಧೂಳಖೇಡದ ಬಳಿ ಭೀಮಾ ನದಿಯ ಸೇತುವೆ ದಾಟಬೇಕು. ಅದರಾಚೆ ನಮ್ಮೂರ ಕಡೆಯ ಮಣ್ಣು. ಟಿವಿಯಲ್ಲಿ ಮುಂಬಯಿ, ಪುಣೆಯಿಂದ ಬಂದವರನ್ನು ನಂಜು, ಕಂಟಕ ಎಂದೆಲ್ಲ ಕರೆಯುತ್ತಿದ್ದರು. ಅಕ್ಕ ಫೋನು ಮಾಡಿದಳು. “ಸದ್ಯೇಕ ಬರಬ್ಯಾಡೋ ತಮ್ಮಾ. ಓಣಿ ಮಂದಿ ಏನೇನರೆ ಮಾತಾಡಾಕತ್ತಾರ. ಹುಡುಗೂ ಸಣ್ಣಾವ ಅದಾನ,” ಅಂದಳು. ಆ ಸಣ್ಣ ಹುಡುಗನೇ ಈಗ ಆಟ ಆರಿಸುತ್ತ ಕೂತವನು. ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅವಳೂ ಬಾಗಿಲು ಹಾಕಿಕೊಂಡಿದ್ದಳು, ನನ್ನ ಹಾಗೆಯೇ. ಸೇತುವೆಯ ಈಚೆ ಉಳಿದ ನಮ್ಮೆಲ್ಲರ ರಕ್ತ ಆ ಎರಡು ವಾರ ಹಸಿರಾಗಿತ್ತು. ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರಿಗೆ ಅದು ನೆನಪಿರಬೇಕು.

ಅದಕ್ಕೇ ನಾನು ಮೆಟ್ರೋ ಅಂದದ್ದು.

‘ಮೆಟ್ರೋ 2033’ ದ್ಮಿತ್ರಿ ಗ್ಲುಖೋವ್‌ಸ್ಕಿಯ ಕಾದಂಬರಿಯನ್ನು ಆಧರಿಸಿದ್ದು. ಕೀವ್ ನಗರದ 4ಎ ಗೇಮ್ಸ್ ಅದನ್ನು 2010ರಲ್ಲಿ ಆಟವಾಗಿಸಿತು. ಬದುಕುಳಿದವರು ಮಾಸ್ಕೋದ ಮೆಟ್ರೋ ನಿಲ್ದಾಣಗಳಲ್ಲಿ ವಾಸಿಸುತ್ತಾರೆ. ಒಂದೊಂದು ನಿಲ್ದಾಣವೂ ಒಂದೊಂದು ರಾಜ್ಯ. ಕೆಲವು ವ್ಯಾಪಾರಿಗಳದು, ಕೆಲವು ಕಮ್ಯುನಿಸ್ಟರದು, ಕೆಲವು ನಾಜಿಗಳದು. ಅಲ್ಲಿ ದುಡ್ಡೆಂದರೆ ಗುಂಡು. ಯುದ್ಧಕ್ಕೆ ಮೊದಲು ತಯಾರಾದ ಒಳ್ಳೆಯ ಗುಂಡುಗಳೇ ಚಲಾವಣೆಯ ನಾಣ್ಯ. ಬೇಕಿದ್ದರೆ ಅವನ್ನು ಬಂದೂಕಿಗೆ ತುಂಬಿ ಹಾರಿಸಬಹುದು, ಏಟು ಜೋರಾಗಿಯೇ ಬೀಳುತ್ತದೆ, ಆದರೆ ತಿಂಗಳ ಸಂಬಳವನ್ನೇ ಸುಟ್ಟ ಹಾಗೆ. ಪ್ರತಿ ಗುಂಡಿಗೂ ಲೆಕ್ಕ ಇರುವ ಕಡೆ ಗುಂಡು ಹಾರಿಸುವ ಮುನ್ನ ಮನುಷ್ಯ ಒಂದು ಕ್ಷಣ ನಿಲ್ಲುತ್ತಾನೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆಟ ನಿಮಗೆ ಹೇಳದೆಯೇ ಒಳಗೊಳಗೆ ಒಂದು ಲೆಕ್ಕ ಇಡುತ್ತದೆ. ನಿಲ್ದಾಣದಲ್ಲಿ ಕೂತ ಭಿಕ್ಷುಕನಿಗೆ ಒಂದು ಗುಂಡು ಕೊಟ್ಟಿರಾ, ಗೋಡೆಯಾಚೆ ಇಬ್ಬರು ತಮ್ಮ ಮನೆಯ ಕಷ್ಟ ಮಾತಾಡುವಾಗ ನಿಂತು ಕೇಳಿದಿರಾ, ಎಲ್ಲ ಜಮೆಯಾಗುತ್ತದೆ. ಕಥಾನಾಯಕ ಆರ್ತ್ಯೋಮ್‌ಗೆ ವಹಿಸಿದ ಕೆಲಸ ‘ಡಾರ್ಕ್ ಒನ್ಸ್’ ಎಂಬ ಹೊಸ ಜೀವಿಗಳ ಮೇಲೆ ಕ್ಷಿಪಣಿ ಹಾರಿಸುವುದು. ಅವು ತಮ್ಮನ್ನು ನಾಶಮಾಡಲು ಬರುತ್ತಿವೆ ಎಂದು ಎಲ್ಲರ ನಂಬಿಕೆ. ನಿಜದಲ್ಲಿ ಅವು ಮಾತಾಡಲು ಪ್ರಯತ್ನಿಸುತ್ತಿರುತ್ತವೆ. ದಾರಿಯಲ್ಲಿ ಸಾಕಷ್ಟು ಕೇಳಿಸಿಕೊಂಡಿದ್ದರೆ ಮಾತ್ರ ಕೊನೆಯಲ್ಲಿ ಆ ದಾಳಿಯನ್ನು ತಡೆಯುವ ಅವಕಾಶ ನಿಮಗೆ ಸಿಗುತ್ತದೆ. ಕೇಳಿಸಿಕೊಳ್ಳದೆ ಓಡಿದವನಿಗೆ ಅಂಥ ಅವಕಾಶವೊಂದಿತ್ತು ಎಂಬುದೂ ತಿಳಿಯುವುದಿಲ್ಲ. 2020ರಲ್ಲಿ ನಾನು ತಪ್ಪಿಸಿಕೊಂಡದ್ದನ್ನು ಇಷ್ಟು ಸರಿಯಾಗಿ ಹೇಳಿದ ಆಟವನ್ನು ನಾನು ಇನ್ನೊಂದು ಕಂಡಿಲ್ಲ.

ಇದನ್ನು ಬರೆದವರಿಗೂ ಇದು ಬರೀ ಆಟವಾಗಿ ಉಳಿಯಲಿಲ್ಲ. ಉಕ್ರೇನ್ ಮೇಲಿನ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ ಗ್ಲುಖೋವ್‌ಸ್ಕಿಗೆ 2023ರಲ್ಲಿ ರಷ್ಯಾದ ನ್ಯಾಯಾಲಯ, ಅವನ ಗೈರುಹಾಜರಿಯಲ್ಲೇ, ಎಂಟು ವರ್ಷ ಸೆರೆವಾಸ ವಿಧಿಸಿತು. ‘ಸ್ಟಾಕರ್’ ಸರಣಿಯ ಜಿಎಸ್‌ಸಿ ಕಂಪನಿಯದೂ ಕೀವ್‌ನಲ್ಲೇ ಹುಟ್ಟು. ಅದರ ತಂಡದ ಒಂದು ಭಾಗ 2022ರ ಯುದ್ಧದಿಂದಾಗಿ ಪ್ರಾಗ್‌ಗೆ ಹೋಗಬೇಕಾಯಿತು. ‘ಸ್ಟಾಕರ್ 2’ ಹೊರಬಂದದ್ದು 2024ರ ನವೆಂಬರಿನಲ್ಲಿ.

ಈಗ ನನ್ನ ವಿರುದ್ಧ ಬರುವ ಮಾತುಗಳು.

ಮನುಷ್ಯನಿಗೆ ಹೊಡೆಯುವ ಆಟ ಜಾಂಬಿಗೆ ಹೊಡೆಯುವ ಆಟಕ್ಕಿಂತ ಹೇಗೆ ಮೇಲು ಎಂದು ಕೇಳಬಹುದು. ಮೇಲು, ಯಾಕೆಂದರೆ ಅಲ್ಲಿ ಹೊಡೆದದ್ದು ಮನುಷ್ಯನಿಗೆ ಎಂಬುದು ಕೈಗೆ ಗೊತ್ತಿರುತ್ತದೆ. ಪಾಪ ಹತ್ತಬೇಕು. ಹತ್ತಿದರೆ ತಾನೇ ಮುಂದಿನ ಸಲ ಕೈ ಹಿಂಜರಿಯುವುದು? ಹಾಗೆಂದು ಲೋಕಾಂತ್ಯದ ಶೂಟರುಗಳೆಲ್ಲ ಸಾಧುಗಳು ಎನ್ನುತ್ತಿಲ್ಲ. ಅವುಗಳಲ್ಲೂ ಬಹಳಷ್ಟರಲ್ಲಿ ‘ದರೋಡೆಕೋರರು’ ಎಂಬ ಹಣೆಪಟ್ಟಿಯ ಜನ ಇರುತ್ತಾರೆ. ಕಂಡಕೂಡಲೇ ಮೇಲೆ ಬೀಳುತ್ತಾರೆ, ಒಂದು ಮಾತಿಲ್ಲ, ಕತೆಯಿಲ್ಲ. ಅವರು ಬಟ್ಟೆ ತೊಟ್ಟ ಜಾಂಬಿಗಳು. ಪ್ರಸಿದ್ಧ ‘ಫಾಲ್ಔಟ್ 3’ ಕೂಡ ಈ ದೋಷದಿಂದ ಹೊರತಲ್ಲ. 2008ರಲ್ಲಿ ಸಾಂಸ್ಕೃತಿಕ ಸೂಕ್ಷ್ಮತೆಯ ಹೆಸರು ಹೇಳಿ ಮೈಕ್ರೋಸಾಫ್ಟ್ ಆ ಆಟವನ್ನು ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಕಾರಣ ಬಿಡಿಸಿ ಹೇಳಲಿಲ್ಲ. ಆಟದಲ್ಲಿದ್ದ ಎರಡು ತಲೆಯ ದನಕ್ಕೆ ‘ಬ್ರಾಹ್ಮಿನ್’ ಎಂಬ ಹೆಸರಿದ್ದದ್ದೇ ಕಾರಣ ಎಂದು ಆಟಗಾರರು ಊಹಿಸಿದರು. ಊಹೆ ನಿಜವಾಗಿದ್ದರೆ, ದನದ ಹೆಸರು ನಮ್ಮನ್ನು ನೋಯಿಸುತ್ತದೆ, ಹೆಸರಿಲ್ಲದೆ ಸಾಯುವ ಮನುಷ್ಯರು ನೋಯಿಸುವುದಿಲ್ಲ ಎಂದು ವ್ಯಾಪಾರಿಗಳು ನಮ್ಮನ್ನು ಅಳೆದಿದ್ದರು. ಆ ಅಳತೆ ತಪ್ಪಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ.

ಜಾಂಬಿ ಆಟಗಳಲ್ಲಿ ಒಗ್ಗಟ್ಟು ಕಲಿಯುತ್ತೇವಲ್ಲ ಎಂಬುದು ಅಳಿಯನ ವಾದ. ಅದರಲ್ಲಿ ಹುರುಳಿದೆ. ‘ಲೆಫ್ಟ್ ಫೋರ್ ಡೆಡ್’ ಆಟದಲ್ಲಿ ಒಬ್ಬ ಬಿದ್ದರೆ ಉಳಿದವರು ಎತ್ತಬೇಕು, ಒಂಟಿಯಾಗಿ ಓಡಿದವನು ಸಾಯುತ್ತಾನೆ. ಆದರೆ ಆ ಒಗ್ಗಟ್ಟು ನಾಲ್ವರದು. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಅವತ್ತು ಭಾರಿ ಒಗ್ಗಟ್ಟಿತ್ತು. ತರಕಾರಿ ಹಂಚಿಕೊಂಡೆವು, ವಯಸ್ಸಾದವರಿಗೆ ಔಷಧಿ ತಂದುಕೊಟ್ಟೆವು. ಗೇಟು ಹಾಕಿಕೊಂಡೆವು.

ಹಾಗಾದರೆ ಜಾಂಬಿ ಇರುವ ಆಟಗಳೆಲ್ಲ ಕೆಟ್ಟವೇ? ಅಲ್ಲ. 2013ರ ‘ದಿ ಲಾಸ್ಟ್ ಆಫ್ ಅಸ್’ನಲ್ಲಿ ಶಿಲೀಂಧ್ರದ ಸೋಂಕಿಗೆ ಒಳಗಾದವರಿದ್ದಾರೆ, ಆದರೆ ಕಥೆಯ ಭಾರವೆಲ್ಲ ಬಿದ್ದಿರುವುದು ಒಬ್ಬ ಗಂಡಸು ಒಬ್ಬ ಹುಡುಗಿಗಾಗಿ ಮಾಡುವ, ಕ್ಷಮಿಸಲಾಗದ ಒಂದು ಕೆಲಸದ ಮೇಲೆ. 2020ರ ಅದರ ಎರಡನೇ ಭಾಗದಲ್ಲಿ ನೀವು ಒಬ್ಬ ಶತ್ರುವನ್ನು ಹೊಡೆದರೆ ಅವನ ಜೊತೆಗಾರ ಅವನ ಹೆಸರು ಹಿಡಿದು ಕೂಗುತ್ತಾನೆ. ಇಷ್ಟೇ ಬೇಕಾದದ್ದು. ‘ಪ್ರಾಜೆಕ್ಟ್ ಜಾಂಬಾಯ್ಡ್’ ಶುರುವಿನಲ್ಲೇ, ಇದು ನೀನು ಸತ್ತ ಬಗೆಯ ಕಥೆ ಎಂದು ಹೇಳಿಬಿಡುತ್ತದೆ. ಅಲ್ಲಿ ಗುಂಡು ಹಾರಿಸಿದ ಸದ್ದಿಗೆ ಇನ್ನಷ್ಟು ಹೆಣಗಳು ಬರುತ್ತವೆ, ಹೊಡೆದು ಗೆಲ್ಲುವ ಭ್ರಮೆ ಉಳಿಯುವುದಿಲ್ಲ. ಲೋಕಾಂತ್ಯವೂ ಬೇಡ, ಜಾಂಬಿಯೂ ಬೇಡ ಎನ್ನುವವರಿಗೆ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಮಾಡಿದ ‘ದಿಸ್ ವಾರ್ ಆಫ್ ಮೈನ್’ ಇದೆ. 1990ರ ದಶಕದ ಸರಾಯೆವೋ ಮುತ್ತಿಗೆಯಿಂದ ಪ್ರೇರಣೆ ಪಡೆದದ್ದು. ಅದರಲ್ಲಿ ನೀವು ಸೈನಿಕರಲ್ಲ, ಮುತ್ತಿಗೆಯಲ್ಲಿ ಸಿಕ್ಕಿಕೊಂಡ ನಾಗರಿಕರು. ಬಾಗಿಲು ಬಡಿದು ಸಹಾಯ ಕೇಳುವವರು ಬರುತ್ತಾರೆ. ತೆರೆಯಬೇಕೇ ಬೇಡವೇ ಎಂದು ನೀವು ತೀರ್ಮಾನಿಸಬೇಕು.

ಹಾಗಾಗಿ ಆಟ ಕೊಳ್ಳುವಾಗ ಗ್ರಾಫಿಕ್ಸ್ ನೋಡಿ, ಬೆಲೆ ನೋಡಿ, ನಿಮ್ಮ ಲ್ಯಾಪ್‌ಟಾಪ್ ತಾಳುತ್ತದೆಯೇ ನೋಡಿ. ಜೊತೆಗೆ ಎದುರಿಗೆ ಬರುವವನು ಬಾಯಿ ತೆರೆದು ಮಾತಾಡಬಲ್ಲನೇ ಎಂಬುದನ್ನೂ ನೋಡಿ. ಮಾತಾಡಿದರೆ ನಿಮಗೆ ಕೇಳಿಸಿಕೊಳ್ಳಲು ಆಟ ಜಾಗ ಬಿಟ್ಟಿದೆಯೇ ನೋಡಿ. ಬಿಟ್ಟಿಲ್ಲವಾದರೆ ಅದನ್ನು ಕಪಾಟಿನಲ್ಲೇ ಬಿಡಿ ಎಂಬುದು ನನ್ನ ಹಟ.

ಅಳಿಯ ಕೊನೆಗೆ ಕೊಂಡದ್ದು ಜಾಂಬಿ ಆಟವನ್ನೇ. ಹಾಸ್ಟೆಲಿನ ಮೂವರು ಗೆಳೆಯರು ಆಗಲೇ ತಗೊಂಡಿದ್ದರಂತೆ, ನಾಲ್ಕನೆಯವನು ಇಲ್ಲದೆ ಆಟ ನಿಂತಿತ್ತಂತೆ. ಕೊಟ್ಟ ಮಾತಿನಂತೆ ದುಡ್ಡು ಕೊಟ್ಟೆ. ಹೊರಡುವ ಹಿಂದಿನ ರಾತ್ರಿ ಅವನಿಗೆ ಗೇಟಿನ ಕಥೆ ಹೇಳಿದೆ, ಅವನ ಅವ್ವ ಮಾಡಿದ ಫೋನಿನ ಕಥೆಯನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಆ ನೀರ ಕೇಳಿದಾವನ ಹೆಸರೇನ ಮಾಮಾ?” ಅಂದ.

ನನಗೆ ಗೊತ್ತಿರಲಿಲ್ಲ.